ನಮ್ಗಿರೋದು ಕೆಟ್ಟ ರಕ್ತ ಅಲ್ಲ, ಕಮ್ಮಿ ರಕ್ತ

ಕತ್ತು ನೋವು ಅಂದ್ರೆ ಸಾಕು, ಈಗ ನಮ್ ಕಡೆ ಯಾರಾದ್ರೂ ಒಬ್ರು 'ಕಪ್ಪಿಂಗ್ ಮಾಡಿಸ್ಕೊ ಅಕ್ಕ, ಕೆಟ್ಟ ರಕ್ತ ಎಲ್ಲಾ ಹೋಯ್ತದೆ' ಅಂತಾರೆ. ರಾಮನಗರದಲ್ಲಿ ರೇಷ್ಮೆ ನೂಲು ಬಿಚ್ಚೋರು, ಚನ್ನಪಟ್ಟಣದಲ್ಲಿ ಬೊಂಬೆಗೆ ಅರಗು ಹಚ್ಚೋರು, ದಿನವೆಲ್ಲಾ ಕತ್ತು ಬಗ್ಸಿ ದುಡಿಯೋ ಹೆಂಗಸ್ರ ನೋವು ಸುಳ್ಳಲ್ಲ. ನಂಗೂ ತಡೀಲಾರ್ದೆ ಹೋದೆ.

ಇದು ಹೊಸ ವಿದ್ಯೆ ಏನಲ್ಲ. ಸುಶ್ರುತನ ಕಾಲದಲ್ಲೇ ಹಸುವಿನ ಕೊಂಬು, ಸೋರೆಬುರುಡೆ ಇಟ್ಟು ರಕ್ತ ಎಳೀತಿದ್ರು. ಯುನಾನಿಯವರು ಹಿಜಾಮ ಅಂತಾರೆ. ಬೆಂಗಳೂರಿನ ಮಾಗಡಿ ರೋಡು ಕೊಟ್ಟಿಗೆಪಾಳ್ಯದಲ್ಲಿರೋ ರಾಷ್ಟ್ರೀಯ ಯುನಾನಿ ವೈದ್ಯ ಸಂಸ್ಥೆಯಲ್ಲೂ ಈ ಚಿಕಿತ್ಸೆ ಐತೆ.

ಇದ್ರಲ್ಲಿ ಎರಡು ಥರ. ಒಣದ್ರಲ್ಲಿ ಬರೀ ಲೋಟ ಇಟ್ಟು ಗಾಳಿ ಎಳೀತಾರೆ. ಚರ್ಮ ಬನ್ನಿನಂಗೆ ಉಬ್ಬಿ ಬಿಗೀತದೆ, ಐದತ್ತು ನಿಮಿಷ ಅಷ್ಟೇ. ತೆಗೆದ ಮೇಲೆ ದುಂಡಗೆ ನೇರಳೆ ಬಣ್ಣದ ಗುರುತು. ಅದು ವಿಷ ಅಲ್ಲ, ಎಳೆದ ರಭಸಕ್ಕೆ ಸಣ್ಣ ರಕ್ತನಾಳ ಒಡೆದು ಕಂದಿರೋದು. ವಾರ ಹತ್ತು ದಿನದಲ್ಲಿ ಹೋಯ್ತದೆ. ಇನ್ನೊಂದ್ರಲ್ಲಿ ಬ್ಲೇಡಿನಿಂದ ಸಣ್ಣಗೆ ಗೀರಿ ರಕ್ತ ತೆಗೀತಾರೆ.

ನಂಗೆ ಹೇಳಿದ್ದು ಆ ಎರಡನೇದು. ಹಿಂದಿನ ತಿಂಗಳಷ್ಟೇ ನನ್ನ ಹಿಮೋಗ್ಲೋಬಿನ್ ಎಂಟೂವರೆ ಬಂದಿತ್ತು. ಅಲ್ಲಿ ಅದನ್ನ ಯಾರೂ ಕೇಳ್ಲೇ ಇಲ್ಲ! ನಾನೇ ಬಾಯ್ಬಿಟ್ಟು ಹೇಳಿ, ಒಣದು ಸಾಕು ಅಂದೆ. ನಾಲ್ಕು ದಿನ ಕತ್ತು ಹಗುರಾಗಿತ್ತು. ಆಮೇಲೆ ಅದೇ ಕೆಲಸ, ಅದೇ ನೋವು.

ಅದಕ್ಕೇ ನನ್ನ ಮಾತು ಇಷ್ಟು. ನಾಲ್ಕು ದಿನದ ಹಾಯಿಗೆ ಒಣದು ಮಾಡಿಸ್ಕೊಂಡ್ರೆ ನಾನೇನೂ ಬ್ಯಾಡ ಅನ್ನಕ್ಕಿಲ್ಲ. ಆದ್ರೆ ಕೆಟ್ಟ ರಕ್ತ ಬೇರೆ, ಒಳ್ಳೆ ರಕ್ತ ಬೇರೆ ಅಂತ ಲೋಟಕ್ಕೇನು ಗೊತ್ತು? ಮೈಯಲ್ಲಿರೋದೇ ಹೊರಗೆ ಬರೋದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದಲ್ಲಿ 15ರಿಂದ 49 ವರ್ಷದ ನೂರು ಹೆಂಗಸ್ರಲ್ಲಿ 57 ಜನಕ್ಕೆ ರಕ್ತಹೀನತೆ. ಇರೋ ಅಷ್ಟನ್ನೂ ದುಡ್ಡು ಕೊಟ್ಟು ಚೆಲ್ಲಿ ಬರೋದಾ?

ಬಸುರೀರು, ರಕ್ತ ತೆಳು ಮಾಡೋ ಮಾತ್ರೆ ತಗೊಳ್ಳೋರು ಡಾಕ್ಟ್ರನ್ನ ಕೇಳ್ದೆ ಹೋಗ್ಬ್ಯಾಡಿ. ಗೀರಿಸ್ಕೊಳ್ಳೋದೇ ಆದ್ರೆ ಹೊಸ ಬ್ಲೇಡು, ಹೊಸ ಲೋಟ, ಕೈಗೆ ಗ್ಲೌಸು ಕೇಳಿ, ಸಂಕೋಚ ಬ್ಯಾಡ. ಒಬ್ರಿಗೆ ಹಾಕಿದ್ದನ್ನೇ ಇನ್ನೊಬ್ರಿಗೆ ಹಾಕಿದ್ರೆ ಹೆಪಟೈಟಿಸ್ ಬಿ ಅಂಥ ರೋಗ ಅಂಟ್ಕೋಬಹುದು. ಬೀಪಿ, ಶುಗರ್ ಮಾತ್ರೆ ಮಾತ್ರ ಬಿಡ್ಲೇಬ್ಯಾಡಿ. ಕೈ ಜೋಮು ಹಿಡಿದ್ರೆ, ಬಲ ಕಮ್ಮಿ ಆದ್ರೆ, ಸೀದಾ ಆಸ್ಪತ್ರೆಗೆ ಹೋಗಿ.

ಬೆನ್ನು ಕೊಡೋಕೆ ಮುಂಚೆ ಒಂದು ರಕ್ತ ಪರೀಕ್ಷೆ ಮಾಡಿಸ್ಕೊಳ್ಳಿ ಕಣ್ರವ್ವ. ಆ ಚೀಟಿ ನೋಡಿದ್ಮೇಲೆ ಮಿಕ್ಕಿದ್ದು ಯೋಚ್ನೆ ಮಾಡೋಣ.