ಹೊಸದುರ್ಗದ ತೀರ್ಪು: ಮೊದಲು ಮತ, ಅನಂತರ ಪೀಠ

ಮಂತ್ರಿಮಂಡಲವೊಂದು ರಚಿತವಾಗುವ ಕಾಲಕ್ಕೆ ನಮ್ಮ ಊರೂರುಗಳಲ್ಲಿ ಹುಟ್ಟುವ ಮಾತುಗಳನ್ನು ವಾಚಕರು ಚೆನ್ನಾಗಿ ಬಲ್ಲರು. ಚಿಕ್ಕಜಾಜೂರಿನ ರೈಲು ನಿಲ್ದಾಣದಲ್ಲಿ ಗಾಡಿ ಕಾಯುತ್ತಿರುವವರಾಗಲಿ, ಹೊಳಲ್ಕೆರೆಯ ಸಂತೆಗೆ ಬಂದವರಾಗಲಿ, ಹಿರಿಯೂರಿನ ಶಾಲೆಯೊಂದರ ಪಡಸಾಲೆಯಲ್ಲಿ ಕೂಡಿದ ಉಪಾಧ್ಯಾಯರಾಗಲಿ ಕೇಳುವ ಪ್ರಶ್ನೆಗಳು ಎರಡೇ. ನಮ್ಮ ಜಿಲ್ಲೆಗೆ ಎಷ್ಟು ಸ್ಥಾನ ಬಂದಿತು? ನಮ್ಮವರಿಗೆ ಯಾವ ಖಾತೆ ದೊರೆಯಿತು? ದೊರೆತರೆ ಹಾರ ತುರಾಯಿ, ಮೆರವಣಿಗೆ. ದೊರೆಯದಿದ್ದರೆ ಹರತಾಳ, ನಿಯೋಗ, ಖಂಡನೆಯ ಠರಾವು. ಈ ಪ್ರಶ್ನೆಗಳು ಅಸಹಜವೆಂದು ನಾವು ಹೇಳುವುದಿಲ್ಲ. ಆದರೆ ಇವೆರಡಕ್ಕೂ ಮೊದಲು ಕೇಳಬೇಕಾದ ಮೂರನೆಯ ಪ್ರಶ್ನೆಯೊಂದುಂಟು. ಪೀಠವನ್ನೇರಿದ ಈ ಮಹಾಶಯರು ಯಾರ ಮತವನ್ನು ಪಡೆದು ಬಂದವರು ಎಂಬುದೇ ಆ ಪ್ರಶ್ನೆ. ಅದನ್ನು ಕೇಳುವ ಅಧಿಕಾರವು ಚಿತ್ರದುರ್ಗ ಸೀಮೆಯವರಿಗೆ ಉಳಿದವರಿಗಿಂತ ಒಂದು ಹಿಡಿ ಹೆಚ್ಚಾಗಿಯೇ ಇದೆಯೆಂದು ನಮ್ಮ ಅಭಿಪ್ರಾಯ. ಏಕೆಂದರೆ ಇಡೀ ಕರ್ನಾಟಕವು ಒಬ್ಬ ನಾಯಕರನ್ನು ಎದುರುನೋಡುತ್ತಿದ್ದಾಗ, ಅವರಿಗೆ "ಈ ಸಲ ಬೇಡ" ಎಂದು ಹೇಳಿದ್ದು ಈ ಸೀಮೆಯ ಒಂದು ತಾಲೂಕು.

ಆ ನಾಯಕರು ಶ್ರೀ ಎಸ್. ನಿಜಲಿಂಗಪ್ಪನವರು. ಅವರು ಈ ಭಾಗಕ್ಕೆ ಅಪರಿಚಿತರಾಗಿರಲಿಲ್ಲ. ಚಿತ್ರದುರ್ಗದಲ್ಲಿ ವಕೀಲಿ ವೃತ್ತಿಯನ್ನು ನಡೆಸಿದವರು. ೧೯೩೯ರ ತುರುವನೂರಿನ ಅರಣ್ಯ ಸತ್ಯಾಗ್ರಹದಲ್ಲಿ ಸೇರಿ ಸೆರೆಮನೆಯನ್ನು ಕಂಡವರು. ಸಂವಿಧಾನ ಸಭೆಯ ಸದಸ್ಯರಾಗಿದ್ದವರು. ೧೯೫೨ರಲ್ಲಿ ಚಿತ್ರದುರ್ಗದಿಂದಲೇ ಮೊದಲನೆಯ ಲೋಕಸಭೆಗೆ ಹೋದವರು. ಹರಿದು ಹಂಚಿಹೋಗಿದ್ದ ಕನ್ನಡ ನಾಡು ೧೯೫೬ರ ನವೆಂಬರ್ ೧ರಂದು ಒಂದಾದಾಗ ಅದರ ಮೊದಲನೆಯ ಮುಖ್ಯಮಂತ್ರಿಗಳೂ ಅವರೇ. ೧೯೫೮ರಲ್ಲಿ ಅವರು ಅಧಿಕಾರವನ್ನು ಬಿಟ್ಟಮೇಲೆ ಶ್ರೀ ಬಿ. ಡಿ. ಜತ್ತಿಯವರು ಆ ಸ್ಥಾನಕ್ಕೆ ಬಂದರು. ೧೯೬೨ರ ಸಾರ್ವತ್ರಿಕ ಚುನಾವಣೆಯಲ್ಲಿ ನಿಜಲಿಂಗಪ್ಪನವರು ಹೊಸದುರ್ಗದಿಂದ ನಿಂತರು. ಅವರ ಪಕ್ಷವಾದ ಕಾಂಗ್ರೆಸ್ಸು ವಿಧಾನಸಭೆಯ ೨೦೮ ಸ್ಥಾನಗಳಲ್ಲಿ ೧೩೮ನ್ನು ಗೆದ್ದಿತು. ಆದರೆ ಹೊಸದುರ್ಗದಲ್ಲಿ ಗೆದ್ದವರು ಪ್ರಜಾ ಸೋಷಲಿಸ್ಟ್ ಪಕ್ಷದ ಶ್ರೀ ಜಿ. ಟಿ. ರಂಗಪ್ಪನವರು. ಸೇನೆಯು ಗೆದ್ದು ಸೇನಾಪತಿಯು ಸೋತಂತಾಯಿತು.

ಆಗ ಎದ್ದ ಪ್ರಶ್ನೆಯು ಇಂದಿಗೂ ಹಳತಾಗಿಲ್ಲ. ಏಕೀಕರಣದ ಹೊರೆಯನ್ನು ಹೊತ್ತ ಪುರುಷನನ್ನು ಒಂದು ತಾಲೂಕಿನ ಮತಗಳು ತಡೆಯಬಹುದೇ, ಬಹುಮತವುಳ್ಳ ಪಕ್ಷವು ತನಗೆ ಬೇಕಾದ ನಾಯಕನನ್ನು ಆರಿಸಿಕೊಳ್ಳಬಾರದೇ ಎಂಬುದು ಒಂದು ವಾದ. ಜನರು ಬೇಡವೆಂದವರನ್ನು ಪಕ್ಷವು ಬೇಕೆಂದು ಕೂರಿಸುವುದಾದರೆ ಬಿಸಿಲಿನಲ್ಲಿ ಸಾಲುಗಟ್ಟಿ ನಿಂತು ಮತ ಹಾಕಿದವನ ಬೆಲೆಯೇನು ಎಂಬುದು ಎದುರುವಾದ. ಎರಡರಲ್ಲಿಯೂ ಸತ್ಯಾಂಶವುಂಟು. ಒಂದನ್ನು ಹಿಡಿದು ಇನ್ನೊಂದನ್ನು ತಳ್ಳಿಬಿಡುವುದು ಸುಲಭವಲ್ಲ.

ಕಾನೂನನ್ನೇ ಕೇಳಿದ್ದರೆ ಅದು ಮೊದಲನೆಯ ವಾದದ ಕಡೆಗೇ ಕೈ ತೋರಿಸುತ್ತಿತ್ತು. ಶಾಸಕಾಂಗದ ಸದಸ್ಯನಲ್ಲದವನು ಮಂತ್ರಿಯಾಗಬಹುದು, ಆದರೆ ಆರು ತಿಂಗಳೊಳಗಾಗಿ ಸದಸ್ಯನಾಗದಿದ್ದರೆ ಅವನ ಮಂತ್ರಿಪದವಿಯು ಕೊನೆಗೊಳ್ಳುವುದೆಂದು ಸಂವಿಧಾನದ ೧೬೪ನೆಯ ವಿಧಿಯ ನಾಲ್ಕನೆಯ ಖಂಡವು ಹೇಳುತ್ತದೆ. ಇದು ಹೊಸದಾಗಿ ಹುಟ್ಟಿದ ನಿಯಮವಲ್ಲ. ೧೯೩೫ರ ಭಾರತ ಸರಕಾರದ ಕಾಯಿದೆಯಲ್ಲಿಯೂ ಇದೇ ಬಗೆಯ ಅವಕಾಶವಿತ್ತು. ಸಂವಿಧಾನ ಸಭೆಯಲ್ಲಿ ಕೆಲವರು ಇದನ್ನು ಆಕ್ಷೇಪಿಸಿದಾಗ ಡಾಕ್ಟರ್ ಅಂಬೇಡ್ಕರರು ಇದನ್ನು ಸಮರ್ಥಿಸಿದರು. ಯೋಗ್ಯನಾದ ಮನುಷ್ಯನೊಬ್ಬನು, ತನ್ನ ಯೋಗ್ಯತೆಗೆ ಸಂಬಂಧಿಸದ ಕಾರಣದಿಂದ, ಒಂದು ಕ್ಷೇತ್ರದವರ ಅಸಮಾಧಾನಕ್ಕೆ ಗುರಿಯಾಗಿ ಸೋಲಬಹುದು. ಅಷ್ಟರಿಂದಲೇ ನಾಡು ಅವನ ಸೇವೆಯನ್ನು ಕಳೆದುಕೊಳ್ಳಬೇಕಾಗಿಲ್ಲ ಎಂಬುದು ಅವರ ವಾದದ ಸಾರ. ನಿಜಲಿಂಗಪ್ಪನವರ ಸಂಗತಿಗೆ ಈ ಮಾತು ಅಳತೆ ತೆಗೆದು ಹೊಲಿದಂತೆ ಒಪ್ಪುತ್ತಿತ್ತು. ೧೯೬೨ರ ಮಾರ್ಚಿಯಲ್ಲಿಯೇ ಅವರು ಪ್ರಮಾಣವಚನವನ್ನು ಸ್ವೀಕರಿಸಿ, ಆರು ತಿಂಗಳ ಅವಧಿಯನ್ನು ಬೆನ್ನಿಗಿಟ್ಟುಕೊಂಡು, ಪೀಠದ ಮೇಲಿನಿಂದಲೇ ಕ್ಷೇತ್ರವನ್ನು ಹುಡುಕಬಹುದಾಗಿತ್ತು.

ಹಾಗೆ ನಡೆಯಲಿಲ್ಲ. ೧೯೬೨ರ ಮಾರ್ಚಿ ೧೪ರಂದು ಹುನಗುಂದದ ಶ್ರೀ ಎಸ್. ಆರ್. ಕಂಠಿಯವರು ಮುಖ್ಯಮಂತ್ರಿಗಳಾದರು. ಬಾಗಲಕೋಟೆಯಿಂದ ಗೆದ್ದಿದ್ದ ಶ್ರೀ ಬಿ. ಟಿ. ಮುರನಾಳರು ತಮ್ಮ ಸ್ಥಾನವನ್ನು ತೆರವು ಮಾಡಿದರು. ಅಲ್ಲಿಂದ ನಿಜಲಿಂಗಪ್ಪನವರು ಉಪಚುನಾವಣೆಯ ಮೂಲಕ ವಿಧಾನಸಭೆಗೆ ಬಂದರು. ಅನಂತರವೇ, ಜೂನ್ ೨೧ರಂದು, ಅವರು ಅಧಿಕಾರವನ್ನು ವಹಿಸಿಕೊಂಡರು. ಕಂಠಿಯವರು ಮೂರು ತಿಂಗಳಿಗಿಂತ ಸ್ವಲ್ಪ ಹೆಚ್ಚು ಕಾಲ ರಾಜ್ಯವನ್ನು ನಡೆಸಿ, ತಕರಾರಿಲ್ಲದೆ ಪೀಠವನ್ನು ಬಿಟ್ಟುಕೊಟ್ಟರು; ಮುಂದೆ ಅದೇ ಸರಕಾರದಲ್ಲಿ ಮಂತ್ರಿಗಳಾಗಿ ದುಡಿದರು. ಈ ನಡತೆಯನ್ನು ಕಂಡವರಿಗೆ ರಾಮಾಯಣದ ಭರತನ ನೆನಪಾಗುವುದು ಸಹಜ. ಆದರೆ ಈ ಹೋಲಿಕೆಯು ಒಂದು ಕಡೆಯಲ್ಲಿ ತಪ್ಪುತ್ತದೆ. ರಾಮನನ್ನು ಅಡವಿಗೆ ಕಳುಹಿದವಳು ಕೈಕೆ. ಇಲ್ಲಿ ಕಳುಹಿದವರು ಮತದಾರರು. ಕೈಕೆಯ ವರಕ್ಕೆ ಅಯೋಧ್ಯೆಯು ಕಣ್ಣೀರು ಸುರಿಸಿತು. ಮತದಾರರ ತೀರ್ಪಿಗಾದರೋ ಕಣ್ಣೀರು ಸಲ್ಲದು, ತಲೆಬಾಗುವುದೇ ಸಲ್ಲುವುದು.

ಈ ಕಥೆಯಲ್ಲಿ ಕನ್ನಡಿಗರೆಲ್ಲರೂ ನೆನೆಯಬೇಕಾದ ಇನ್ನೊಂದು ಸಂಗತಿಯಿದೆ. ಚಿಕ್ಕಜಾಜೂರಿನಿಂದ ಉತ್ತರಕ್ಕೆ ಹೊರಟ ಗಾಡಿಯು ದಾವಣಗೆರೆಯನ್ನು ಕಳೆದು ಹರಿಹರದ ಬಳಿ ತುಂಗಭದ್ರೆಯನ್ನು ದಾಟುತ್ತದೆ. ೧೯೫೬ರವರೆಗೆ ಈ ದಡವು ಮೈಸೂರು, ಆ ದಡವು ಮುಂಬಯಿ. ಎರಡು ದಡಗಳಲ್ಲಿಯೂ ಮಾತು ಕನ್ನಡವೇ ಆಗಿದ್ದರೂ ಸರಕಾರ ಬೇರೆ, ಶಾಸನಸಭೆ ಬೇರೆ. ಆ ಗೋಡೆಯು ಬಿದ್ದು ಆರು ವರ್ಷಗಳು ತುಂಬುವ ಮೊದಲೇ, ಚಿತ್ರದುರ್ಗದ ವಕೀಲರೊಬ್ಬರಿಗೆ ಅಂದಿನ ಬಿಜಾಪುರ ಜಿಲ್ಲೆಯ ಬಾಗಲಕೋಟೆಯು ಬಾಗಿಲು ತೆರೆಯಿತು. ಹೊಸದುರ್ಗದವರು ಅವರನ್ನು ನಮ್ಮವರೆಂದು ಗೆಲ್ಲಿಸಲಿಲ್ಲ. ಬಾಗಲಕೋಟೆಯವರು ಅವರನ್ನು ಹೊರಗಿನವರೆಂದು ತಳ್ಳಲಿಲ್ಲ. ನಾಡು ಒಂದಾಯಿತೆಂಬುದಕ್ಕೆ ನಕಾಶೆಯ ಮೇಲಿನ ಗೆರೆಗಳಿಗಿಂತ ಇದು ಹೆಚ್ಚು ನಂಬತಕ್ಕ ಸಾಕ್ಷಿ.

ಈ ಕ್ರಮದಲ್ಲಿ ಕುಂದೇ ಇರಲಿಲ್ಲವೆಂದು ನಾವು ಹೇಳುವವರಲ್ಲ. ಸ್ವಪಕ್ಷದವರು ತೆರವು ಮಾಡಿಕೊಟ್ಟ ಸ್ಥಾನವು ಹಾಸಿಕೊಟ್ಟ ಹಾಸಿಗೆ. ಬಾಗಲಕೋಟೆಯವರು ಫೆಬ್ರವರಿಯಲ್ಲಿ ಆರಿಸಿದ್ದು ಮುರನಾಳರನ್ನು. ಕೆಲವೇ ತಿಂಗಳುಗಳಲ್ಲಿ ಅವರ ಬದಲು ಬೇರೊಬ್ಬರು ಪ್ರತಿನಿಧಿಗಳಾದರು. ಪಕ್ಷದ ಅನುಕೂಲಕ್ಕಾಗಿ ಮತದಾರರನ್ನು ಎರಡನೆಯ ಸಲ ಕರೆಯುವುದು ಒಳ್ಳೆಯ ರೂಢಿಯಲ್ಲ. ಇಷ್ಟನ್ನು ಒಪ್ಪಿಯೂ ಒಂದು ಮಾತು ನಿಲ್ಲುತ್ತದೆ. ಅಂದು ಕೆಲಸವು ಸರಿಯಾದ ವರಸೆಯಲ್ಲಿ ನಡೆಯಿತು. ಮೊದಲು ಕ್ಷೇತ್ರ, ಅನಂತರ ಖುರ್ಚಿ. ಕಾನೂನು ಕೊಟ್ಟ ಸಲಿಗೆಯನ್ನು ಉಪಯೋಗಿಸಿಕೊಳ್ಳದಿರುವುದರಲ್ಲಿಯೇ ಒಂದು ಮರ್ಯಾದೆಯಿತ್ತು.

ಇತ್ತೀಚಿನ ವರ್ಷಗಳಲ್ಲಿ ಈ ವರಸೆಯು ತಲೆಕೆಳಗಾಗಿದೆ. ೨೦೧೮ರ ಚುನಾವಣೆಯಲ್ಲಿ ಅಥಣಿಯಲ್ಲಿ ಸೋತಿದ್ದ ಶ್ರೀ ಲಕ್ಷ್ಮಣ ಸವದಿಯವರನ್ನು ೨೦೧೯ರ ಆಗಸ್ಟಿನಲ್ಲಿ ಶ್ರೀ ಬಿ. ಎಸ್. ಯಡಿಯೂರಪ್ಪನವರು ಮಂತ್ರಿಗಳನ್ನಾಗಿ ಮಾಡಿದರು. ಅದೇ ತಿಂಗಳಲ್ಲಿ ಅವರು ಉಪಮುಖ್ಯಮಂತ್ರಿಗಳೂ ಆದರು. ಆಗ ಅವರು ಎರಡು ಸದನಗಳಲ್ಲಿ ಯಾವುದಕ್ಕೂ ಸದಸ್ಯರಲ್ಲ. ಗೆದ್ದುಬಂದವರು ಹೊರಗೆ ನಿಂತಿರುವಾಗ ಸೋತವರಿಗೇಕೆ ಮಣೆ ಎಂಬ ಗೊಣಗಾಟವು ಆ ಪಕ್ಷದೊಳಗೇ ಕೇಳಿಬಂದಿತು. ಹೊರಗಿನ ಟೀಕೆಯನ್ನಂತೂ ಹೇಳಬೇಕಾದುದಿಲ್ಲ. ಆರು ತಿಂಗಳ ಗಡುವು ಮುಗಿಯುವ ಹೊತ್ತಿಗೆ, ೨೦೨೦ರ ಫೆಬ್ರವರಿಯಲ್ಲಿ, ಅವರು ವಿಧಾನ ಪರಿಷತ್ತಿಗೆ ಆಯ್ಕೆಯಾದರು. ಇದು ಒಂದೇ ಪಕ್ಷದ ದೋಷವೆಂದು ಯಾರೂ ಭಾವಿಸಬೇಕಾದುದಿಲ್ಲ. ೨೦೨೩ರ ಮೇ ತಿಂಗಳಲ್ಲಿ ಶ್ರೀ ಸಿದ್ಧರಾಮಯ್ಯನವರ ಸರಕಾರದಲ್ಲಿ ಶ್ರೀ ಎನ್. ಎಸ್. ಬೋಸರಾಜು ಅವರು ಮಂತ್ರಿಗಳಾದಾಗಲೂ ಅವರು ಯಾವ ಸದನದ ಸದಸ್ಯರೂ ಆಗಿರಲಿಲ್ಲ; ಪರಿಷತ್ತಿನ ಸ್ಥಾನವು ಮುಂದಿನ ತಿಂಗಳು ಬಂದಿತು. ಅವರು ಜನರಿಂದ ತಿರಸ್ಕೃತರಾಗಿ ಬಂದವರಲ್ಲವೆಂಬ ವ್ಯತ್ಯಾಸವನ್ನು ನಾವು ಮರೆತಿಲ್ಲ. ಆದರೆ ಪೀಠವು ಮೊದಲು, ಸದಸ್ಯತ್ವವು ಆಮೇಲೆ ಎಂಬ ವರಸೆಯು ಎರಡು ಕಡೆಯೂ ಒಂದೇ.

ನ್ಯಾಯಾಲಯಗಳು ಈ ಸಲಿಗೆಗೆ ಕೆಲವು ಬೇಲಿಗಳನ್ನು ಹಾಕಿವೆ. ಪಂಜಾಬಿನ ಮಂತ್ರಿಯೊಬ್ಬರು ಆರು ತಿಂಗಳೊಳಗೆ ಆಯ್ಕೆಯಾಗದೆ ರಾಜೀನಾಮೆಯಿತ್ತು, ಅದೇ ವಿಧಾನಸಭೆಯ ಅವಧಿಯಲ್ಲಿ ಮತ್ತೆ ಮಂತ್ರಿಗಳಾದಾಗ, ಅದು ಸಂವಿಧಾನಕ್ಕೆ ವಿರುದ್ಧವೆಂದು ಸುಪ್ರೀಂ ಕೋರ್ಟು ೨೦೦೧ರಲ್ಲಿ ತೀರ್ಪಿತ್ತಿತು. ನಮ್ಮಲ್ಲಿಯೇ, ಶಾಸಕತ್ವದಿಂದ ಅನರ್ಹರಾಗಿ, ೨೦೧೯ರ ಡಿಸೆಂಬರಿನ ಉಪಚುನಾವಣೆಯಲ್ಲಿ ಹುಣಸೂರಿನಲ್ಲಿ ಸೋತು, ಅನಂತರ ಪರಿಷತ್ತಿಗೆ ನಾಮಕರಣ ಹೊಂದಿದ ಶ್ರೀ ಎಚ್. ವಿಶ್ವನಾಥರು ಮಂತ್ರಿಗಳಾಗುವಂತಿಲ್ಲವೆಂದು ಕರ್ನಾಟಕದ ಹೈಕೋರ್ಟು ೨೦೨೦ರ ನವೆಂಬರಿನಲ್ಲಿ ಹೇಳಿತು. ಮರುವರ್ಷದ ಜನವರಿಯಲ್ಲಿ ಸುಪ್ರೀಂ ಕೋರ್ಟು ಅದರಲ್ಲಿ ಕೈಹಾಕಲು ಒಪ್ಪಲಿಲ್ಲ. ಪಕ್ಷಾಂತರದಿಂದ ಅನರ್ಹನಾದವನು ಮತ್ತೆ ಆಯ್ಕೆಯಾಗಿಯೇ ಬರಬೇಕು, ನಾಮಕರಣವು ಸಾಲದು ಎಂಬುದು ಇದರ ತಾತ್ಪರ್ಯ. ಬೇಲಿಗಳು ಒಳ್ಳೆಯವೇ. ಆದರೆ ಬೇಲಿಯಿಲ್ಲದ ಕಡೆಯಲ್ಲೆಲ್ಲ ದನವನ್ನು ನುಗ್ಗಿಸಬಹುದೆಂದು ಒಕ್ಕಲಿಗನು ತಿಳಿಯುವುದಿಲ್ಲ. ಮಂತ್ರಿಮಂಡಲವನ್ನು ಕಟ್ಟುವವರೂ ತಿಳಿಯಬಾರದು.

ಪರಿಷತ್ತಿನ ಸದಸ್ಯತ್ವವೂ ಸದಸ್ಯತ್ವವೇ ಅಲ್ಲವೇ ಎಂದು ಕೆಲವರು ಕೇಳಬಹುದು. ಇದಕ್ಕೆ ಉತ್ತರವನ್ನು ನಮ್ಮ ಉಪಾಧ್ಯಾಯ ಬಂಧುಗಳು ಎಲ್ಲರಿಗಿಂತ ಚೆನ್ನಾಗಿ ಬಲ್ಲರು. ಕರ್ನಾಟಕ ವಿಧಾನ ಪರಿಷತ್ತಿನ ೭೫ ಸ್ಥಾನಗಳಲ್ಲಿ ೭ ಶಿಕ್ಷಕರವು, ೭ ಪದವೀಧರರವು. ಚಿತ್ರದುರ್ಗದ ಉಪಾಧ್ಯಾಯರು ಆಗ್ನೇಯ ಶಿಕ್ಷಕರ ಕ್ಷೇತ್ರದಲ್ಲಿ ತಮ್ಮ ಮತವನ್ನು ಹಾಕುವರು. ೨೫ ಸ್ಥಾನಗಳು ಸ್ಥಳೀಯ ಸಂಸ್ಥೆಗಳವು, ೨೫ ವಿಧಾನಸಭೆಯವರು ಆರಿಸತಕ್ಕವು. ಉಳಿದ ೧೧ ಸಾಹಿತ್ಯ, ವಿಜ್ಞಾನ, ಕಲೆ, ಸಹಕಾರ, ಸಮಾಜಸೇವೆಗಳಲ್ಲಿ ನುರಿತವರಿಗಾಗಿ ಮೀಸಲಾದ ನಾಮಕರಣದ ಸ್ಥಾನಗಳು. ಮತವನ್ನು ಬೇಡಲು ಹೋಗದ ಪಂಡಿತನನ್ನೂ ಸೇವಕನನ್ನೂ ಶಾಸನಕಾರ್ಯಕ್ಕೆ ಕರೆತರುವುದಕ್ಕಾಗಿ ಈ ಬಾಗಿಲನ್ನು ಇಟ್ಟಿರುವರು. ಮತವನ್ನು ಬೇಡಿ, ಇಲ್ಲವೆನಿಸಿಕೊಂಡವರು ಅದೇ ದಿನಗಳಲ್ಲಿ ಹಿತ್ತಿಲಿನಿಂದ ಒಳಬರಲೆಂದು ಇಟ್ಟ ಬಾಗಿಲಲ್ಲ. ಮೇಲ್ಮನೆಯು ಸೋತವರ ಧರ್ಮಛತ್ರವಾಗಬಾರದು.

ಹಾಗಾದರೆ ಸೋತವನು ಜೀವಮಾನಪೂರ್ತಿ ಸೋತವನೇ? ಎಂದಿಗೂ ಅಲ್ಲ. ಸವದಿಯವರೇ ೨೦೨೩ರಲ್ಲಿ, ಬೇರೆ ಪಕ್ಷದಿಂದ, ಅದೇ ಅಥಣಿಯ ಮತದಾರರ ಮುಂದೆ ನಿಂತು ಗೆದ್ದುಬಂದರು. ಜನತೆಯು ಹಟಮಾರಿಯಲ್ಲ, ಅದು ಇಂದು ಬೇಡವೆಂದವರನ್ನು ನಾಳೆ ಬೇಕೆನ್ನುತ್ತದೆ. ಆದರೆ ತೀರ್ಪನ್ನು ಬದಲಿಸುವ ಹಕ್ಕು ತೀರ್ಪಿತ್ತವರದು. ನಡುವಿನ ಅವಧಿಯಲ್ಲಿ ಬೇರೆ ಯಾರೋ ಅದನ್ನು ಅಳಿಸಿ ಬರೆಯುವುದೇ ಆಕ್ಷೇಪಾರ್ಹವಾದುದು.

ಆದುದರಿಂದ ನಾವು ಹೊಸ ಕಾನೂನನ್ನು ಬೇಡುವುದಿಲ್ಲ. ಒಂದು ಸಂಪ್ರದಾಯವನ್ನು ಬೇಡುತ್ತೇವೆ. ಸಾರ್ವತ್ರಿಕ ಚುನಾವಣೆಯಲ್ಲಿ ಸೋತವರನ್ನು, ಅವರು ಮತ್ತೊಮ್ಮೆ ಜನರ ನೇರವಾದ ಮತದಿಂದ ಆಯ್ಕೆಯಾಗುವವರೆಗೆ, ಯಾವ ಮುಖ್ಯಮಂತ್ರಿಗಳೂ ಮಂತ್ರಿಗಳನ್ನಾಗಿ ಮಾಡಕೂಡದು. ಆರು ತಿಂಗಳ ಅವಕಾಶವು ನಿಜವಾದ ಆಪತ್ಕಾಲಕ್ಕೆ ಮೀಸಲಾಗಿರಲಿ. ಇಂತಹ ನಡತೆಯು ಅಸಾಧ್ಯವೆಂದು ಯಾರಾದರೂ ಹೇಳಿದರೆ, ಅರವತ್ತು ವರ್ಷಗಳಿಗೂ ಹಿಂದೆ ಕರ್ನಾಟಕದ ಅತ್ಯಂತ ಪ್ರಬಲ ನಾಯಕರೊಬ್ಬರು ಮೂರು ತಿಂಗಳ ಕಾಲ ಪೀಠದ ಹೊರಗೆ ನಿಂತು ಕಾದರೆಂಬುದನ್ನು ಅವರಿಗೆ ನೆನಪಿಸಬೇಕು.

ಮೈಸೂರಿನಲ್ಲಿ ದಿವಾನರನ್ನು ಅರಸರು ನೇಮಿಸುತ್ತಿದ್ದ ಕಾಲವೊಂದಿತ್ತು. ೧೮೮೧ರಲ್ಲಿ ಪ್ರಜಾಪ್ರತಿನಿಧಿ ಸಭೆಯು ಹುಟ್ಟಿದಮೇಲೂ ಪ್ರಜೆಗಳು ಅಹವಾಲನ್ನು ಹೇಳಿಕೊಳ್ಳಬಹುದಾಗಿತ್ತೇ ಹೊರತು, ದಿವಾನರನ್ನು ಆರಿಸುವಂತಾಗಲಿ ಇಳಿಸುವಂತಾಗಲಿ ಇರಲಿಲ್ಲ. ೧೯೪೭ರಲ್ಲಿ ಮೈಸೂರು ಚಲೋ ಎಂದು ಹೊರಟು, ಲಾಠಿಯ ಪೆಟ್ಟನ್ನು ತಿಂದು, ಸೆರೆಮನೆಯನ್ನು ತುಂಬಿದವರು ಆ ಸ್ಥಿತಿಯನ್ನು ಮುರಿದರು. ಆ ಅಕ್ಟೋಬರಿನಲ್ಲಿ ಶ್ರೀ ಕೆ. ಸಿ. ರೆಡ್ಡಿಯವರ ಜವಾಬ್ದಾರಿ ಸರಕಾರವು ಬಂದಿತು. ಜವಾಬ್ದಾರಿಯೆಂದರೆ ಕೇಳಿದವರಿಗೆ ಜವಾಬು ಕೊಡುವುದು. ಜವಾಬನ್ನು ಕೇಳುವ ಮತದಾರರೇ ಇಲ್ಲದ ಮಂತ್ರಿಯು ಎಷ್ಟೇ ಸಮರ್ಥನಾಗಿರಲಿ, ಹೆಸರು ಬದಲಾದ ದಿವಾನನೇ ಸರಿ.

ಹೊಸದುರ್ಗದ ಹಿರಿಯರು ೧೯೬೨ರಲ್ಲಿ ಇತ್ತ ತೀರ್ಪು ಸರಿಯೋ ತಪ್ಪೋ ಎಂದು ಇಂದು ನಾವು ವಿಚಾರಣೆ ಮಾಡಬೇಕಾದುದಿಲ್ಲ. ಅವರು ಅಳುಕಿಲ್ಲದೆ ತೀರ್ಪಿತ್ತರು. ಸೋತವರು ಅದಕ್ಕೆ ಬೆಲೆಯಿತ್ತರು. ಮುಂದಿನ ಸಲ ಮಂತ್ರಿಮಂಡಲವು ರಚಿತವಾದಾಗ, ನಮ್ಮ ಜಿಲ್ಲೆಗೆ ಎಷ್ಟು ಸ್ಥಾನವೆಂದು ಲೆಕ್ಕ ಹಾಕುವ ಮೊದಲು, ಆ ಮೂರನೆಯ ಪ್ರಶ್ನೆಯನ್ನು ನಮ್ಮ ನಾಗರಿಕರು ಕೇಳಲಿ, ಉಪಾಧ್ಯಾಯರು ತಮ್ಮ ವಿದ್ಯಾರ್ಥಿಗಳಿಗೂ ಕೇಳಲು ಕಲಿಸಲಿ. ಆ ಪ್ರಶ್ನೆಗೆ ಉತ್ತರವಿಲ್ಲದವರು ನಮ್ಮ ಜಿಲ್ಲೆಯವರೇ ಆಗಿದ್ದರೂ, ಅವರಿಗೆ ಹಾಕುವ ಹಾರವನ್ನು ಸ್ವಲ್ಪ ಕಾಲ ಕೈಯಲ್ಲಿಯೇ ಹಿಡಿದುಕೊಂಡಿರುವುದು ಲೇಸು.