ದೀಪ ಆರಿದಾಗ ಯಾರನ್ನು ಕೇಳಬೇಕು?

ಫ್ಲೋರಲ್ ಪಾರ್ಕ್ ಹೆಸರಿನ ಊರುಗಳು ಎರಡು. ಒಂದು ನ್ಯೂಯಾರ್ಕ್ ನಗರದ ಕ್ವೀನ್ಸ್ ಭಾಗಕ್ಕೆ ಸೇರಿದ ಬಡಾವಣೆ. ಅದಕ್ಕೆ ಅಂಟಿಕೊಂಡೇ ಇರುವ ಇನ್ನೊಂದು, ನಸ್ಸೌ ಕೌಂಟಿಯ ಪುಟ್ಟ ವಿಲೇಜು. ಹಿಲ್‌ಸೈಡ್ ಅವೆನ್ಯೂವಿನ ಅಂಗಡಿಗಳಲ್ಲಿ ಸೋನಾ ಮಸೂರಿ ಅಕ್ಕಿ ಕೊಳ್ಳುವ ಭಾರತೀಯ ಕುಟುಂಬಗಳ ಪೈಕಿ ಗಡಿಯ ಈಚೆಗಿನವರಿಗೆ ಕಾನ್ ಎಡಿಸನ್ ಎಂಬ ಖಾಸಗಿ ಕಂಪನಿಯ ವಿದ್ಯುತ್ ಬಿಲ್ಲು ಬರುತ್ತದೆ. ಆಚೆಗಿನವರ ಬಿಲ್ಲಿನ ಮೇಲೆ ಪಿಎಸ್‌ಇಜಿ ಲಾಂಗ್ ಐಲೆಂಡ್ ಎಂದಿರುತ್ತದೆ. ಎರಡನೆಯದನ್ನೂ ಖಾಸಗಿ ವ್ಯವಸ್ಥೆಯೆಂದು ನಂಬಿದವರಿದ್ದಾರೆ. ವಾಸ್ತವದಲ್ಲಿ ಆ ಕಂಬಗಳೂ ತಂತಿಗಳೂ ‘ಲೈಪಾ’, ಅಂದರೆ ಲಾಂಗ್ ಐಲೆಂಡ್ ಪವರ್ ಅಥಾರಿಟಿ ಎಂಬ ಸಾರ್ವಜನಿಕ ಸಂಸ್ಥೆಯ ಸ್ವತ್ತು. ಪಿಎಸ್‌ಇಜಿ ಅದನ್ನು ಗುತ್ತಿಗೆಯ ಮೇಲೆ ನಡೆಸುತ್ತಿದೆ. ಒಡೆತನ ಸರ್ಕಾರದ್ದು, ಉಸ್ತುವಾರಿ ಖಾಸಗಿಯವರದು.

ಭಾರತದಲ್ಲಿ ವಿದ್ಯುತ್ ವಿತರಣೆಯ ಸುಧಾರಣೆ ಮತ್ತೆ ಚರ್ಚೆಗೆ ಬಂದಿರುವ ಈ ಹೊತ್ತಿನಲ್ಲಿ ಲೈಪಾದ ಕಥೆಯನ್ನು ಕರ್ನಾಟಕದವರು ಓದಿಕೊಳ್ಳುವುದು ಒಳ್ಳೆಯದು.

ಆ ಕಥೆ ಒಂದು ಸಾಲದಿಂದ ಶುರುವಾಗುತ್ತದೆ. ಲಿಲ್ಕೋ ಎಂಬ ಖಾಸಗಿ ವಿದ್ಯುತ್ ಕಂಪನಿ ಶೋರ್‌ಹ್ಯಾಮ್‌ನಲ್ಲಿ ಅಣುಸ್ಥಾವರ ಕಟ್ಟಲು ಹೊರಟಾಗ ಅಂದಾಜು ವೆಚ್ಚ 10 ಕೋಟಿ ಡಾಲರಿಗೂ ಕಡಿಮೆಯಿತ್ತು. ಮುಗಿಯುವಷ್ಟರಲ್ಲಿ ಅದು 500 ಕೋಟಿಯನ್ನು ದಾಟಿತು. ಅಪಾಯದ ಹೊತ್ತಿನಲ್ಲಿ ದ್ವೀಪದ ಜನರನ್ನು ತೆರವುಗೊಳಿಸುವ ಬಗೆ ಯಾರಿಗೂ ಹೊಳೆಯದೆ, 1989ರಲ್ಲಿ ಗವರ್ನರ್ ಮಾರಿಯೋ ಕುವೋಮೊ ಅವರೊಂದಿಗೆ ಆದ ಒಪ್ಪಂದದಂತೆ, ವಾಣಿಜ್ಯ ಉತ್ಪಾದನೆ ಆರಂಭವಾಗುವ ಮೊದಲೇ ಸ್ಥಾವರ ಮುಚ್ಚಿತು. 1998ರಲ್ಲಿ ಲೈಪಾ ಲಿಲ್ಕೋದ ವಿತರಣಾ ಜಾಲವನ್ನು ಕೊಂಡಾಗ ಶೋರ್‌ಹ್ಯಾಮ್‌ನ ಸಾಲವೂ ಜೊತೆಗೆ ಬಂತು. ಖಾಸಗಿ ಕಂಪನಿಯ ತಪ್ಪು ಲೆಕ್ಕಾಚಾರ ಹೀಗೆ ಸಾರ್ವಜನಿಕ ಹೊರೆಯಾಯಿತು. ಲಾಂಗ್ ಐಲೆಂಡಿನ ಗ್ರಾಹಕರು ದಶಕಗಳಿಂದ ಅದನ್ನು ಬಿಲ್ಲಿನ ಮೂಲಕ ತೀರಿಸುತ್ತ ಬಂದಿದ್ದಾರೆ. ಸಾಲ ಸರ್ಕಾರದ ಪಾಲಿಗೆ ಬಂದರೂ ನಿತ್ಯದ ಕೆಲಸ ಮಾತ್ರ ಗುತ್ತಿಗೆದಾರರ ಕೈಯಲ್ಲೇ ಉಳಿಯಿತು.

2012ರ ಅಕ್ಟೋಬರಿನಲ್ಲಿ ಸ್ಯಾಂಡಿ ಚಂಡಮಾರುತ ಬಡಿದಾಗ ಲೈಪಾದ ಸುಮಾರು 11 ಲಕ್ಷ ಗ್ರಾಹಕರಲ್ಲಿ ಬಹುಪಾಲು ಮನೆಗಳು ಕತ್ತಲಾದವು; ಕೆಲವು ಕಡೆ ಎರಡು ವಾರ ಕಳೆದರೂ ಕರೆಂಟ್ ಬರಲಿಲ್ಲ. ಜನರ ಸಿಟ್ಟಿಗೆ ಸರ್ಕಾರ ಕೊಟ್ಟ ಉತ್ತರ 2013ರ ಲೈಪಾ ಸುಧಾರಣಾ ಕಾಯ್ದೆ. ಅದು ಸಂಸ್ಥೆಯನ್ನು ಗಟ್ಟಿಗೊಳಿಸುವ ಬದಲು ಅದರ ಸಿಬ್ಬಂದಿಯನ್ನು ಕಡಿತಗೊಳಿಸಿ, ಹೊಸ ಗುತ್ತಿಗೆದಾರರಾದ ಪಿಎಸ್‌ಇಜಿಗೆ ಇನ್ನಷ್ಟು ಅಧಿಕಾರ ಕೊಟ್ಟಿತು. 2020ರ ಆಗಸ್ಟಿನಲ್ಲಿ ಇಸಾಯಾಸ್ ಬಿರುಗಾಳಿ ಬೀಸಿತು. ಕರೆಂಟ್ ಎಲ್ಲೆಲ್ಲಿ ಹೋಗಿದೆ ಎಂದು ಲೆಕ್ಕವಿಡಬೇಕಾದ ಕಂಪ್ಯೂಟರ್ ವ್ಯವಸ್ಥೆಯೇ ಕೈಕೊಟ್ಟಿತು, ದೂರು ಹೇಳಲು ಫೋನ್ ಮಾಡಿದವರಿಗೆ ಸಂಪರ್ಕ ಸಿಗಲಿಲ್ಲ. ಕೊನೆಗೆ ಒಡೆಯನಾದ ಲೈಪಾ ತನ್ನದೇ ಗುತ್ತಿಗೆದಾರನ ಮೇಲೆ ನ್ಯಾಯಾಲಯಕ್ಕೆ ಹೋಯಿತು. ಮನೆಯ ಯಜಮಾನ ಅಡುಗೆಯವನ ಮೇಲೆ ದಾವೆ ಹೂಡಿದಂತೆ. ಉಂಡೆಲೆಯ ಮುಂದೆ ಕಾದು ಕೂತವರ ಹಸಿವು ಅದರಿಂದ ಇಂಗಲಿಲ್ಲ.

ಶಾಸನಸಭೆ ನೇಮಿಸಿದ ಆಯೋಗ 2023ರ ನವೆಂಬರಿನಲ್ಲಿ ನೇರವಾಗಿ ಹೇಳಿತು: ಮಧ್ಯವರ್ತಿಯನ್ನು ಬಿಟ್ಟು ಲೈಪಾ ತಾನೇ ಜಾಲವನ್ನು ನಡೆಸಲಿ, ಇದರಿಂದ ವರ್ಷಕ್ಕೆ ಹಲವು ಕೋಟಿ ಡಾಲರ್ ಉಳಿಯುತ್ತದೆ. ಇದು ಕನಸಿನ ಮಾತೂ ಅಲ್ಲ. ನಸ್ಸೌ ಕೌಂಟಿಯಲ್ಲೇ ಇರುವ ರಾಕ್‌ವಿಲ್ ಸೆಂಟರ್ ಮತ್ತು ಫ್ರೀಪೋರ್ಟ್ ವಿಲೇಜುಗಳು ಬಹಳ ಕಾಲದಿಂದ ತಮ್ಮ ವಿದ್ಯುತ್ ವಿತರಣೆಯನ್ನು ತಾವೇ ನಡೆಸುತ್ತಿವೆ, ಲೈಪಾಕ್ಕಿಂತ ಕಡಿಮೆ ದರದಲ್ಲಿ. ಆದರೂ ಆಯೋಗದ ವರದಿ ಕಾಯ್ದೆಯ ರೂಪ ತಾಳಿಲ್ಲ.

ಈಗ ಕರ್ನಾಟಕದ ಕಡೆಗೆ. 1902ರಲ್ಲೇ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿಸಿದ್ದು ಮೈಸೂರು ಸರ್ಕಾರ. ಆ ಪರಂಪರೆಯ ವಾರಸುದಾರನಾದ ವಿದ್ಯುಚ್ಛಕ್ತಿ ಮಂಡಳಿ 1999ರ ಸುಧಾರಣಾ ಕಾಯ್ದೆಯಿಂದ ಕೆಪಿಟಿಸಿಎಲ್ ಆಯಿತು, 2002ರಲ್ಲಿ ವಿತರಣೆ ಬೆಸ್ಕಾಂ, ಮೆಸ್ಕಾಂ, ಹೆಸ್ಕಾಂ, ಜೆಸ್ಕಾಂಗಳಾಗಿ ಒಡೆಯಿತು. ಇವೆಲ್ಲವೂ ಇಂದಿಗೂ ಸರ್ಕಾರದ ಕಂಪನಿಗಳೇ. 2022ರ ಆಗಸ್ಟಿನಲ್ಲಿ ಲೋಕಸಭೆಯಲ್ಲಿ ಮಂಡನೆಯಾದ ವಿದ್ಯುತ್ ತಿದ್ದುಪಡಿ ಮಸೂದೆಯೂ 2025ರ ಅಕ್ಟೋಬರಿನಲ್ಲಿ ಬಂದ ಹೊಸ ಕರಡೂ ಒಂದೇ ತಂತಿಯ ಮೇಲೆ ಹಲವು ಕಂಪನಿಗಳು ವಿದ್ಯುತ್ ಮಾರಲಿ ಎನ್ನುತ್ತವೆ. ಗ್ರಾಹಕನಿಗೆ ಆಯ್ಕೆ ಸಿಗುತ್ತದೆ ಎಂಬುದು ಇದರ ಸಮರ್ಥನೆ. ಆದರೆ ಹೊಸದಾಗಿ ಬರುವ ಕಂಪನಿ ಯಾವ ಗ್ರಾಹಕನನ್ನು ಆಯ್ದುಕೊಳ್ಳುತ್ತದೆ? ವೈಟ್‌ಫೀಲ್ಡಿನ ಟೆಕ್ ಪಾರ್ಕನ್ನೋ ಪಾವಗಡದ ಪಂಪ್‌ಸೆಟ್ಟನ್ನೋ? ಕೈಗಾರಿಕೆ ಮತ್ತು ವಾಣಿಜ್ಯ ಬಳಕೆದಾರರು ಹೆಚ್ಚು ದರ ತೆರುವುದರಿಂದಲೇ ಬಡ ಮನೆಗಳ ದರ ಸಹನೀಯವಾಗಿದೆ. ಕೆನೆ ಹೊಸಬರ ಪಾಲಾದರೆ ಎಸ್ಕಾಂಗಳಿಗೆ ಉಳಿಯುವುದು ನೀರು ಮಜ್ಜಿಗೆ. ಆಗ ದರ ಏರಿಸಬೇಕು, ಇಲ್ಲವೇ ಸಾಲ ಮಾಡಬೇಕು. ಎರಡನ್ನೂ ತೀರಿಸುವವನು ಅದೇ ಗ್ರಾಹಕ.

ಒಡಿಶಾ ಈ ದಾರಿಯಲ್ಲಿ ಮೊದಲೇ ನಡೆದಿತ್ತು. 1999ರಲ್ಲಿ ಅಲ್ಲಿನ ವಿತರಣೆ ಖಾಸಗಿಯಾಯಿತು. ಅದೇ ವರ್ಷದ ಮಹಾಚಂಡಮಾರುತದಲ್ಲಿ ಜಾಲ ನೆಲಕಚ್ಚಿತು. ಕರಾವಳಿಯ ಭಾಗವನ್ನು ವಹಿಸಿಕೊಂಡಿದ್ದ ಅಮೆರಿಕದ ಎಇಎಸ್ ಕಂಪನಿ 2001ರಲ್ಲಿ ಗಂಟುಮೂಟೆ ಕಟ್ಟಿತು. ಅದು ಬಿಟ್ಟುಹೋದ ಜಾಲವನ್ನು ನೋಡಿಕೊಳ್ಳುವ ಹೊಣೆ ಮತ್ತೆ ಸರ್ಕಾರಿ ವ್ಯವಸ್ಥೆಯ ಹೆಗಲಿಗೇ ಬಿತ್ತು.

ಹಾಗೆಂದು ಎಸ್ಕಾಂಗಳು ಇದ್ದಂತೆಯೇ ಇರಲಿ ಎಂದರೆ ಅದು ಪ್ರಗತಿಪರ ನಿಲುವಾಗದು. ಟ್ರಾನ್ಸ್‌ಫಾರ್ಮರ್ ಸುಟ್ಟು ದಿನಗಟ್ಟಲೆ ಕಾಯುವ ರೈತನಿಗೆ ‘ಸಾರ್ವಜನಿಕ ಒಡೆತನ’ ಎಂಬ ಪದ ಸಮಾಧಾನ ಕೊಡುವುದಿಲ್ಲ. ಉಚಿತ ವಿದ್ಯುತ್ ಘೋಷಿಸುವ ಸರ್ಕಾರ ಸಹಾಯಧನವನ್ನು ಮುಂಗಡವಾಗಿ ಪಾವತಿಸಬೇಕೆಂದು 2003ರ ವಿದ್ಯುತ್ ಕಾಯ್ದೆಯ 65ನೆಯ ಕಲಮು ಹೇಳುತ್ತದೆ. ಹಣ ತಡವಾದಾಗಲೆಲ್ಲ ಎಸ್ಕಾಂ ಬಡ್ಡಿಗೆ ಸಾಲ ತರುತ್ತದೆ, ಬಳಿಕ ‘ಸರ್ಕಾರಿ ಕಂಪನಿ ನಷ್ಟದಲ್ಲಿದೆ’ ಎಂಬ ಸುದ್ದಿ ಹುಟ್ಟುತ್ತದೆ. ವಾಟ್ಸಾಪಿನಲ್ಲಿ ಎಲ್ಲವನ್ನೂ ಮಾರಿಬಿಡಿ ಎಂದು ಬರೆಯುವ ಅನಿವಾಸಿ ಮಿತ್ರರು ಈ ನಷ್ಟ ಎಲ್ಲಿಂದ ಬಂತೆಂದು ವಿಚಾರಿಸುವುದು ಕಡಿಮೆ.

ಒಂದು ವಿಷಯದಲ್ಲಂತೂ ಕರ್ನಾಟಕದ ಗ್ರಾಹಕ ಲಾಂಗ್ ಐಲೆಂಡಿನವನಿಗಿಂತ ಮುಂದಿದ್ದಾನೆ. ಲೈಪಾದ ದರಕ್ಕೆ ರಾಜ್ಯದ ನಿಯಂತ್ರಣ ಮಂಡಳಿಯ ಅಂತಿಮ ಒಪ್ಪಿಗೆ ಬೇಕಿಲ್ಲ. ಇಲಾಖೆ ಶಿಫಾರಸು ಮಾಡುತ್ತದೆ, ತೀರ್ಮಾನ ಲೈಪಾದ ಟ್ರಸ್ಟಿಗಳದು. ಆ ಟ್ರಸ್ಟಿಗಳನ್ನು ನೇಮಿಸುವವರು ಗವರ್ನರ್ ಮತ್ತು ಶಾಸನಸಭೆಯ ನಾಯಕರು. ಕರ್ನಾಟಕದಲ್ಲಿ ದರ ನಿಗದಿ ಮಾಡುವುದು ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ. ಅದಕ್ಕೂ ಮುನ್ನ ಎಸ್ಕಾಂಗಳ ಅರ್ಜಿಯನ್ನು ಪ್ರಕಟಿಸಿ, ಲಿಖಿತ ಆಕ್ಷೇಪಣೆ ಆಹ್ವಾನಿಸಿ, ಬಹಿರಂಗ ವಿಚಾರಣೆ ನಡೆಸುತ್ತದೆ. ಊರಿನ ಮನೆಯ ಆರ್.ಆರ್. ನಂಬರು ಹಾಕಿ ಅಪ್ಪ ಅಮ್ಮನ ಬಿಲ್ಲನ್ನು ಫ್ಲೋರಲ್ ಪಾರ್ಕಿನಿಂದಲೇ ಕಟ್ಟುವವರು, ಅದೇ ನಂಬರನ್ನು ನಮೂದಿಸಿದ ಒಂದು ಆಕ್ಷೇಪಣೆಯನ್ನು ಬರೆಯಲು ಅಪ್ಪ ಅಮ್ಮನಿಗೆ ನೆರವಾಗಬಹುದು.