ಮನೆಯ ಬೆಕ್ಕೂ ನಮಗೊಪ್ಪಿಸಲಾದ ಅಮಾನತ್

ಮುಸ್ಲಿಮ್ ಮನೆಗಳಲ್ಲಿ ಬೆಕ್ಕಿಗೆ ವಿಶೇಷ ಸ್ಥಾನವಿದೆ. ಮುಸಲ್ಲಾದ ಮೇಲೆ ಮಲಗಿದರೂ ನಾವು ಅದನ್ನು ಗದರಿಸುವುದಿಲ್ಲ. ಸಹಾಬಿವರ್ಯ ಅಬೂ ಕತಾದ(ರ)ರು ವುಝೂವಿನ ನೀರಿಗೆ ಬಾಯಿ ಹಾಕಲು ಬಂದ ಬೆಕ್ಕಿಗೆ ಪಾತ್ರೆಯನ್ನೇ ಬಾಗಿಸಿಕೊಟ್ಟ ಘಟನೆಯೂ, ಬೆಕ್ಕನ್ನು ಅಶುದ್ಧವೆಂದು ಎಣಿಸಬಾರದೆಂಬ ಪ್ರವಾದಿ(ಸ)ರ ಬೋಧನೆಯೂ ನಮಗೆ ಚಿರಪರಿಚಿತ.

ಆದರೆ ಅದೇ ಬೆಕ್ಕು ಅನ್ನಾಹಾರ ಬಿಟ್ಟು ಮೂಲೆ ಸೇರಿದಾಗ ನಾವೇನು ಮಾಡುತ್ತೇವೆ? ಹಸುವಿಗೆ ಕಾಲುಬಾಯಿ ಜ್ವರದ ಲಸಿಕೆ ಹಾಕಿಸುವ ಮನೆಯಲ್ಲೇ, ಬೆಕ್ಕಿನ ಮರಿಗಳು ಒಂದೊಂದಾಗಿ ಸತ್ತರೆ 'ಅವುಗಳ ಆಯುಸ್ಸು ಅಷ್ಟೇ' ಎಂದು ಮಣ್ಣು ಮುಚ್ಚುತ್ತೇವೆ. ಪ್ರೀತಿಯಿದೆ, ಹೊಣೆಗಾರಿಕೆಯಿಲ್ಲ. ಈ ಅಂತರದ ಬಗ್ಗೆ ನಾವು ಆತ್ಮಾವಲೋಕನ ಮಾಡಿಕೊಳ್ಳಬೇಕಾಗಿದೆ.

2023ರ ಆಗಸ್ಟ್ ಮತ್ತು ಸೆಪ್ಟೆಂಬರ್ ತಿಂಗಳುಗಳಲ್ಲಿ ಬೆಂಗಳೂರಿನ ಬನ್ನೇರುಘಟ್ಟ ಜೈವಿಕ ಉದ್ಯಾನದಲ್ಲಿ ಏಳು ಚಿರತೆ ಮರಿಗಳು ಸತ್ತವು. ಕಾರಣ ಫೆಲೈನ್ ಪ್ಯಾನ್‌ಲ್ಯುಕೋಪೀನಿಯಾ ಎಂಬ ವೈರಸ್. ನಮ್ಮ ಮನೆಯ ಮರಿಗಳನ್ನು ಜ್ವರ, ವಾಂತಿ, ಭೇದಿಯಿಂದ ಕೆಲವೇ ದಿನಗಳಲ್ಲಿ ಕೊಲ್ಲುವುದೂ ಇದೇ ರೋಗ. ಆ ಚಿರತೆ ಮರಿಗಳಿಗೆ ಲಸಿಕೆ ಹಾಕಲಾಗಿತ್ತು. ಆದರೂ ಅವು ಉಳಿಯಲಿಲ್ಲ. ಲಸಿಕೆಯ ಜೊತೆಗೆ ಶುಚಿತ್ವವೂ ಎಚ್ಚರವೂ ಬೇಕೆಂಬ ಪಾಠ ಇದರಲ್ಲಿದೆ.

ಹನೂರು ತಾಲೂಕಿನ ಒಡೆಯರಪಾಳ್ಯದಂತಹ ಕಾಡಂಚಿನ ಊರುಗಳಿಗೆ ಈ ಮಾತು ಇನ್ನಷ್ಟು ಅನ್ವಯಿಸುತ್ತದೆ. ಒಂದೆಡೆ ಬಿಳಿಗಿರಿರಂಗನ ಬೆಟ್ಟದ ಕಾಡು, ಇನ್ನೊಂದೆಡೆ ಮಲೆ ಮಹದೇಶ್ವರ ಬೆಟ್ಟದ ಕಾಡು. ಹಗಲು ನಮ್ಮ ಒಲೆಯ ಬಳಿ ಮಲಗುವ ಬೆಕ್ಕು ರಾತ್ರಿ ಹೊಲ ದಾಟಿ ಕಾಡಿನಂಚಿಗೆ ಹೋಗಬಲ್ಲದು. ಅದರ ರೋಗ ಕಾಡಿನ ಬೆಕ್ಕಿನ ಜಾತಿಯ ಪ್ರಾಣಿಗಳಿಗೆ ತಗಲಬಹುದು. ಹುಚ್ಚುನಾಯಿಯ ಕಡಿತದಿಂದ ಬಂದ ರೇಬೀಸ್ ನಮ್ಮ ಮಕ್ಕಳಿಗೂ ತಗಲಬಹುದು.

ಮಾಡಬೇಕಾದ ಕೆಲಸಗಳು ಕಷ್ಟದವೇನಲ್ಲ. ಮರಿಗೆ ಎಂಟು ವಾರ ತುಂಬುವಾಗ ಸಂಯುಕ್ತ ಲಸಿಕೆ ಆರಂಭಿಸಿ, ನಾಲ್ಕು ತಿಂಗಳಾಗುವವರೆಗೆ ಮೂರು ನಾಲ್ಕು ವಾರಗಳಿಗೊಮ್ಮೆ ಪುನಃ ಹಾಕಿಸಬೇಕು. ಮೂರು ತಿಂಗಳು ತುಂಬಿದ ಬಳಿಕ ರೇಬೀಸ್ ಲಸಿಕೆ. ಮುಂದಿನ ಲಸಿಕೆಗಳ ಅವಧಿಯನ್ನೂ ಜಂತುಹುಳದ ಔಷಧಿಯ ಪ್ರಮಾಣವನ್ನೂ ಪಶುವೈದ್ಯರಿಂದ ಕೇಳಿ ಬರೆದಿಟ್ಟುಕೊಳ್ಳಬೇಕು. ಮರಿ ಸತ್ತ ಜಾಗದಲ್ಲಿ ವೈರಸ್ ಒಂದು ವರ್ಷದವರೆಗೂ ಜೀವಂತವಿರಬಲ್ಲದು. ಆದ್ದರಿಂದ ಆ ಜಾಗವನ್ನು ಬ್ಲೀಚಿಂಗ್ ದ್ರಾವಣದಿಂದ ತೊಳೆಯದೆ, ಲಸಿಕೆ ಹಾಕಿಸದ ಹೊಸ ಮರಿಯನ್ನು ತರಬಾರದು.

ಈರುಳ್ಳಿ, ಬೆಳ್ಳುಳ್ಳಿ ಬೆರೆತ ಬಿರಿಯಾನಿಯ ಉಳಿಕೆ ಬೆಕ್ಕಿಗೆ ಆಹಾರವಲ್ಲ. ಅವು ಅದರ ರಕ್ತಕಣಗಳನ್ನು ನಾಶಪಡಿಸುತ್ತವೆ. ಮಸಾಲೆ ಹಾಕುವ ಮುನ್ನ ಬೇಯಿಸಿದ ಮಾಂಸವನ್ನು ಮೂಳೆ ತೆಗೆದು ಎತ್ತಿಟ್ಟರೆ ಸಾಕು. ಜ್ವರವೆಂದು ಪ್ಯಾರಸಿಟಮಾಲ್ ಕೊಡುವುದಂತೂ ಅದನ್ನು ಕೊಂದಂತೆಯೇ. ಒಂದೇ ಮಾತ್ರೆ ಪ್ರಾಣ ತೆಗೆಯಬಲ್ಲದು. ಬೆಕ್ಕು ಕಚ್ಚಿದರೆ ಅಥವಾ ಪರಚಿದರೆ ಗಾಯವನ್ನು ಸೋಪು ನೀರಿನಿಂದ ಹದಿನೈದು ನಿಮಿಷ ತೊಳೆದು, ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ರೇಬೀಸ್‌ನ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುಳಿಯುವುದು ಅತ್ಯಂತ ವಿರಳ.

ಬಡ ಕುಟುಂಬಗಳಿಗೆ ಈ ಖರ್ಚು ಭಾರವೆಂಬುದು ನಿಜ. ಒಂದೇ ಓಣಿಯ ನಾಲ್ಕು ಮನೆಗಳವರು ಒಟ್ಟಾಗಿ ಪಶುವೈದ್ಯರನ್ನು ಕಂಡರೆ ಪ್ರಯಾಣದ ಹೊರೆಯಾದರೂ ಹಂಚಿಹೋಗುತ್ತದೆ. ಮೊಹಲ್ಲಾದ ಜಮಾಅತ್ ಮುಂದೆ ನಿಂತರೆ ಇನ್ನೂ ಸುಲಭ. ಇನ್ನು ತಕ್ದೀರ್‌ನ ಮಾತು: ಒಂಟೆಯನ್ನು ಕಟ್ಟಿ, ಆ ಬಳಿಕ ಅಲ್ಲಾಹನ ಮೇಲೆ ಭರವಸೆಯಿಡುವಂತೆ ಪ್ರವಾದಿ(ಸ)ರು ಕಲಿಸಿದ್ದಾರೆ. ಲಸಿಕೆ ಹಾಕಿಸುವುದು ತವಕ್ಕುಲ್‌ಗೆ ವಿರುದ್ಧವಲ್ಲ. ಅದು ಒಂಟೆಯನ್ನು ಕಟ್ಟುವ ಕೆಲಸ.

ಬೆಕ್ಕನ್ನು ಕೂಡಿಹಾಕಿ, ತಾನೂ ಉಣಿಸದೆ, ಹೊರಗೆ ಹೋಗಿ ತಿನ್ನಲೂ ಬಿಡದೆ ಸಾಯಿಸಿದ ಮಹಿಳೆಯೊಬ್ಬಳು ಶಿಕ್ಷೆಗೊಳಗಾದ ವಿಷಯ ಬುಖಾರಿ ಮತ್ತು ಮುಸ್ಲಿಮ್ ಹದೀಸ್ ಗ್ರಂಥಗಳಲ್ಲಿದೆ. ಅವಳು ಅದನ್ನು ಹೊಡೆದಳೆಂದು ಅಲ್ಲಿಲ್ಲ. ತನ್ನ ವಶದಲ್ಲಿದ್ದ ಜೀವಿಗೆ ಸಲ್ಲಬೇಕಾದುದನ್ನು ಸಲ್ಲಿಸಲಿಲ್ಲ, ಅಷ್ಟೇ. ನಮ್ಮ ಹೊಸ್ತಿಲೊಳಗೆ ಮಲಗಿರುವ ಮೂಕ ಜೀವಿಯ ಬಗ್ಗೆ ನಾಳೆ ನಮ್ಮನ್ನೂ ಪ್ರಶ್ನಿಸಲಾಗುವುದು. ಆ ಪ್ರಶ್ನೆಗೆ ಉತ್ತರವನ್ನು ಇಂದೇ ಸಿದ್ಧಪಡಿಸಿಕೊಳ್ಳೋಣ.